ಒಂದು ಪೈಪು ಕಟ್ಟಿದರೆ ಎಲ್ಲ ಯಾಕೆ ನಿಲ್ಲುತ್ತೆ?

ದೊಡ್ಡ ಪ್ರೆಸ್ ಮೆಷಿನ್ನಿನ ಮೈಗೆ ಅಂಟಿಕೊಂಡಿರುವ ಈ ಲೋಹದ ಬ್ಲಾಕ್ ನೋಡಿ. ಇದು ಪ್ರೋಗ್ರೆಸಿವ್ ವಾಲ್ವ್. ಪಂಪಿನಿಂದ ಬಂದ ಗ್ರೀಸನ್ನು ಒಂದೊಂದು ಬೇರಿಂಗಿಗೂ ಅಳೆದು ಕಳಿಸುತ್ತೆ.

ಒಳಗೆ ಪಿಸ್ಟನ್‌ಗಳ ಸಾಲು. ಒಂದು ಪೂರ್ತಿ ಸರಿದು ತನ್ನ ಪಾಲಿನ ಗ್ರೀಸ್ ತಳ್ಳಿದ ಮೇಲೇ ಮುಂದಿನದಕ್ಕೆ ದಾರಿ. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಯಾರನ್ನೂ ದಾಟಿ ಹೋಗುವಂತಿಲ್ಲ.

ನಿಜವಾದ ಜಾಣತನ ಇರೋದು ಇಲ್ಲೇ. ಒಂದೇ ಪೈಪು ಕಟ್ಟಿಕೊಂಡರೂ ಅದರ ಪಿಸ್ಟನ್ ನಿಲ್ಲುತ್ತೆ, ಜೊತೆಗೆ ಇಡೀ ಬ್ಲಾಕ್ ನಿಲ್ಲುತ್ತೆ, ಪಂಪಿನ ಒತ್ತಡ ಏರುತ್ತೆ. ಪಿಸ್ಟನ್ನಿಗೆ ಜೋಡಿಸಿದ ಈ ಪುಟ್ಟ ಪಿನ್ ಒಳಗೆ ಹೊರಗೆ ಆಡುವುದು ನಿಂತರೆ ಸೆನ್ಸರ್ ಅಲಾರಂ ಕೊಡುತ್ತೆ. ಬೇರಿಂಗ್ ಸುಡುವ ಮೊದಲೇ ಸುದ್ದಿ ಸಿಕ್ಕಿತು!

ಒಂದು ಮಾತು: ಪ್ಲಗ್ ಹಾಕಿದರೂ ಪೈಪು ಕಟ್ಟಿಕೊಂಡ ಹಾಗೇ ಬ್ಲಾಕ್ ನಿಲ್ಲಬಹುದು, ಹಾಗಾಗಿ ಮ್ಯಾನುಯಲ್ ನೋಡದೆ ಗ್ರೀಸ್ ಹೊರಬರುವ ಯಾವ ಔಟ್‌ಲೆಟ್ಟಿಗೂ ಪ್ಲಗ್ ಹಾಕಬೇಡಿ.