ಮಹಾಕಂದರದೊಳಗೊಂದು ಶಿವಾಲಯ

ಶಿವಾಲಯವೆಂದೊಡನೆ ಗೋಪುರ, ಗರ್ಭಗುಡಿ, ನಂದಿಗಳು ನಮ್ಮ ಕಣ್ಣ ಮುಂದೆ ಬರುವುವು. ಇವಾವುವೂ ಇಲ್ಲದ, ಯಾವ ಶಿಲ್ಪಿಯೂ ಕಟ್ಟದ ಶಿವಾಲಯವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಅರಿಜೋನಾ ಪ್ರಾಂತದಲ್ಲಿದೆ. ಅಲ್ಲಿ ಕೊಲರಾಡೋ ನದಿಯು ಕೊರೆದಿರುವ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ಉದ್ದ ಸುಮಾರು 446 ಕಿಲೋಮೀಟರು. ಆಳ ಒಂದೂವರೆ ಕಿಲೋಮೀಟರಿಗೂ ಮಿಗಿಲು. ಈ ಕಂದರದೊಳಗೆ, ಉತ್ತರ ದಡದ ಸಮೀಪದಲ್ಲಿ, ಸಮುದ್ರಮಟ್ಟದಿಂದ ಸುಮಾರು 7,600 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಶಿಖರಕ್ಕೆ 'ಶಿವ ದೇವಾಲಯ'ವೆಂದು ಹೆಸರು. ಈ ಪ್ರದೇಶವನ್ನು ಪರಿಶೀಲಿಸಿ 1882ರಲ್ಲಿ ಪ್ರಸಿದ್ಧ ವರದಿಯನ್ನು ಹೊರತಂದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಟ್ಟ ಹೆಸರಿದು. ಅದೇ ಕಂದರದಲ್ಲಿ ಬ್ರಹ್ಮ, ವಿಷ್ಣುಗಳ ಹೆಸರಿನ ಶಿಖರಗಳೂ ಇವೆ.

ಸುತ್ತಲೂ ಕಡಿದಾದ ಗೋಡೆ. ನೆತ್ತಿಯೋ ಬಹುಮಟ್ಟಿಗೆ ಸಮತಟ್ಟು. ಇಂತಹ ಆಕಾರ ಹೇಗೆ ಬಂದಿತು?

ಕಂದರದ ತಳದಲ್ಲಿ ಕಾಣುವ ಕಪ್ಪು ಶಿಲೆಗೆ 'ವಿಷ್ಣು ಶಿಸ್ಟ್' ಎಂದು ಹೆಸರು. ಇದರ ವಯಸ್ಸು ಸುಮಾರು 170 ಕೋಟಿ ವರ್ಷ. ಅದಕ್ಕಿಂತ ಎಷ್ಟೋ ಎಳೆಯವಾದ ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳ ಸ್ತರಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಕೆಲವು ಕಡಲಿನಲ್ಲಿ ನೆಲೆಗೊಂಡವು. ಬಿಳಿಯ ಕೊಕೊನಿನೋ ಮರಳುಗಲ್ಲು ಪ್ರಾಚೀನ ಮರುಭೂಮಿಯೊಂದರ ಮರಳುದಿಣ್ಣೆಗಳು ಗಟ್ಟಿಯಾಗಿ ಉಂಟಾದುದು. ಎಲ್ಲಕ್ಕೂ ಮೇಲಿರುವುದು ಸುಮಾರು 27 ಕೋಟಿ ವರ್ಷ ಹಳೆಯದಾದ ಕೈಬಾಬ್ ಸುಣ್ಣಕಲ್ಲು.

ಮುಂದೆ ಈ ಇಡೀ ಪ್ರಸ್ಥಭೂಮಿಯೇ ಮೇಲಕ್ಕೆದ್ದಿತು. ಕಳೆದ ಐದಾರು ದಶಲಕ್ಷ ವರ್ಷಗಳಲ್ಲಿ ನದಿಯು ಅದನ್ನು ಆಳವಾಗಿ ಕೊರೆಯಿತು. ಮೆದುವಾದ ಜೇಡಿಗಲ್ಲು ಬೇಗ ಸವೆದು ಇಳಿಜಾರಾಗುವುದು. ಆಧಾರ ತಪ್ಪಿದ ಮೇಲಿನ ಗಟ್ಟಿಶಿಲೆ ಹೋಳುಹೋಳಾಗಿ ಉರುಳಿ, ನೆಟ್ಟನೆಯ ಗೋಡೆಯನ್ನು ಉಳಿಸುವುದು. ಆದುದರಿಂದಲೇ ಇಲ್ಲಿ ಮೆಟ್ಟಿಲುಗಳ ರೂಪ. ಮಳೆಯ ನೀರಿಗೆ ಸುಣ್ಣಕಲ್ಲು ಕರಗುವುದಾದರೂ, ಮಳೆ ಕಡಿಮೆಯಾದ ಈ ನಾಡಿನಲ್ಲಿ ಅದು ಬಹುಕಾಲ ಬಾಳುತ್ತದೆ. ಮಣ್ಣಿನ ಗೋಡೆಯನ್ನು ಹೆಂಚು ಕಾಯುವಂತೆ ಕೈಬಾಬ್ ಶಿಲೆ ತನ್ನ ಕೆಳಗಿನ ಸ್ತರಗಳನ್ನು ಕಾಯುತ್ತದೆ. ಉಪನದಿಗಳ ಕಣಿವೆಗಳು ಎರಡು ಕಡೆಯಿಂದಲೂ ಹಿಂದಕ್ಕೆ ಕೊರೆಯುತ್ತ ಬಂದು, ದಡದ ತುಣುಕೊಂದನ್ನು ಪ್ರತ್ಯೇಕಿಸಿದುವು. ಆ ತುಣುಕೇ ಶಿವ ದೇವಾಲಯ. ದಡಕ್ಕೂ ಅದಕ್ಕೂ ನಡುವೆ ಈಗ ಉಳಿದಿರುವುದು, ಶಿಖರಕ್ಕಿಂತ ಸಾವಿರ ಅಡಿಗೂ ಹೆಚ್ಚು ತಗ್ಗಿನಲ್ಲಿರುವ ಜೀನಿನಾಕಾರದ ಏಣು ಮಾತ್ರ.

ಇಲ್ಲಿ ಜೀವವಿಜ್ಞಾನಿಗಳಿಗೆ ಒಂದು ಸಮಸ್ಯೆ ಎದುರಾಯಿತು. ಮಹಾಕಂದರದ ದಕ್ಷಿಣ ದಡದ ಕುಚ್ಚುಗಿವಿಯ ಅಳಿಲಿಗೆ ಬಿಳಿಯ ಹೊಟ್ಟೆ. ಉತ್ತರ ದಡದ ಅದರ ಬಂಧುವಿಗೆ ಕಪ್ಪು ಹೊಟ್ಟೆ, ಬಿಳಿಯ ಬಾಲ. ಕಂದರವೇ ಇವನ್ನು ಬೇರ್ಪಡಿಸಿತಾದರೆ, ಪೈನ್ ಮರಗಳ ಕಾಡನ್ನು ಹೊತ್ತು ಒಂಟಿಯಾಗಿ ನಿಂತಿರುವ ಶಿಖರದ ಮೇಲೆ ಹೊಸ ಬಗೆಯ ಪ್ರಾಣಿಗಳೇ ಉದಿಸಿರಬಾರದೇಕೆ? ಇದನ್ನು ಪರೀಕ್ಷಿಸಲು 1937ರಲ್ಲಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ಹೆರಾಲ್ಡ್ ಆಂಥನಿಯವರ ತಂಡ ಶಿಖರವನ್ನೇರಿತು. ಎಂದೋ ಅಳಿದ ಪ್ರಾಣಿಗಳು ಅಲ್ಲಿ ಬದುಕಿರಬಹುದೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದ್ದುವು.

ದೊರೆತುದೇನು? ದಡದ ಮೇಲಿನವುಗಳನ್ನೇ ಹೋಲುವ ಇಲಿ ಮುಂತಾದ ಸಣ್ಣ ಪ್ರಾಣಿಗಳು, ಜಿಂಕೆಗಳು ಉದುರಿಸಿದ ಕೊಂಬುಗಳು, ಪ್ರಾಚೀನ ಮಾನವರು ಬಂದು ಹೋಗಿದ್ದುದರ ಗುರುತುಗಳು! ಜಿಂಕೆಯೂ ಮನುಷ್ಯನೂ ಏರಿಬಂದ ಶಿಖರವನ್ನು ದ್ವೀಪವೆನ್ನುವುದು ಹೇಗೆ?

ನಮ್ಮ ಭೌತವಿಜ್ಞಾನದಿಂದ ಇದನ್ನು ಸ್ವಲ್ಪ ವಿಚಾರಿಸೋಣ. ಒಣಗಾಳಿಯು ಕೆಳಗಿಳಿದಂತೆ ಒತ್ತಡಕ್ಕೆ ಸಿಕ್ಕಿ, ಕಿಲೋಮೀಟರಿಗೆ ಸುಮಾರು 10 ಸೆಂಟಿಗ್ರೇಡ್ ಡಿಗ್ರಿಯಂತೆ ಬಿಸಿಯಾಗುತ್ತದೆ. ಜುಲೈ ತಿಂಗಳ ಹಗಲಿನ ಗರಿಷ್ಠ ಉಷ್ಣತೆ ದಕ್ಷಿಣ ದಡದ ಮೇಲೆ ಸರಾಸರಿ 29 ಡಿಗ್ರಿಯಾದರೆ, ಅಲ್ಲಿಂದ ಹೆಚ್ಚು ಕಡಿಮೆ 1,350 ಮೀಟರು ಕೆಳಗಿರುವ ನದಿಯ ಬಳಿ 41 ಡಿಗ್ರಿ. ವ್ಯತ್ಯಾಸ 12 ಡಿಗ್ರಿ. ಎಂದರೆ ಕಿಲೋಮೀಟರಿಗೆ ಸುಮಾರು 9. ಲೆಕ್ಕಕ್ಕೂ ಅನುಭವಕ್ಕೂ ಎಷ್ಟು ಹೊಂದಿಕೆ! ಪೈನ್ ಮರವನ್ನೇ ನಂಬಿದ ಅಳಿಲಿಗೆ ತಳದ ಈ ಮರುಭೂಮಿ ದಾಟಲಾಗದ ಗಡಿ. ಆದರೆ ಶಿವ ದೇವಾಲಯದ ಏಣು ಶಿಖರಕ್ಕಿಂತ 400 ಮೀಟರಿನಷ್ಟೇ ತಗ್ಗು. ಅಲ್ಲಿ ಹೆಚ್ಚುವ ಶಾಖ ನಾಲ್ಕು ಡಿಗ್ರಿ ಮಾತ್ರ. ಗತಿಸಿದ ಹಿಮಯುಗದಲ್ಲಿ ಹವೆಯು ಇದಕ್ಕಿಂತ ಹೆಚ್ಚಾಗಿಯೇ ತಣ್ಣಗಿತ್ತು. ಆಗ ತಂಪುನೆಲದ ಮರಗಳು ಕಂದರದೊಳಕ್ಕೆ ಬಹಳ ಕೆಳಗಿನವರೆಗೆ ಬೆಳೆದಿದ್ದುವೆಂಬುದಕ್ಕೆ, ಕಾಡಿಲಿಗಳು ಗುಹೆಗಳಲ್ಲಿ ಕೂಡಿಟ್ಟ ಎಲೆಕಡ್ಡಿಗಳ ರಾಶಿಗಳೇ ಸಾಕ್ಷಿ. ಅಂದು ಈ ಏಣು ಪ್ರಾಣಿಗಳಿಗೆ ನೆರಳಿನ ಸೇತುವೆಯಾಗಿದ್ದಿರಬೇಕು.

ಹೀಗೆ, ನಕ್ಷೆಯಲ್ಲಿ ಒಂಟಿಯಾಗಿ ಕಾಣುವುದೆಲ್ಲ ಜೀವಿಗಳ ಪಾಲಿಗೆ ಒಂಟಿಯಲ್ಲ. ಹೊಸ ಪ್ರಾಣಿ ಸಿಗಲಿಲ್ಲವೆಂದ ಮಾತ್ರಕ್ಕೆ ಆ ಯಾತ್ರೆ ವ್ಯರ್ಥವಾಯಿತೆ? ಇಲ್ಲ. ಪ್ರಕೃತಿಯನ್ನು ಒಂದು ಪ್ರಶ್ನೆ ಕೇಳಿ, 'ಅಲ್ಲ'ವೆಂಬ ಅದರ ಉತ್ತರವನ್ನು ಇದ್ದುದು ಇದ್ದಂತೆ ಬರೆದಿಡುವುದೂ ವಿಜ್ಞಾನವೇ. ಪ್ರಯೋಗಶಾಲೆಯಲ್ಲಿ ನಿರೀಕ್ಷಿಸಿದ ಅಂಕಿ ಬಾರದಿದ್ದಾಗ ಅದನ್ನು ತಿದ್ದಿ ಬರೆಯುವ ಆಸೆ ಹುಟ್ಟಿದರೆ, ವಿದ್ಯಾರ್ಥಿಗಳು ಈ ಶಿವಾಲಯವನ್ನೊಮ್ಮೆ ನೆನೆಯಲಿ.