ತೇಗದ ತೇಪೆ

ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಡಬಲ್ ಡೆಕ್ಕರ್ ಬಸ್ಸೊಂದಕ್ಕೆ ಉಕ್ಕಿನ ರೆಕ್ಕೆ ಮೂಡಿಸಿದ್ದಾರೆ. 2012ರ ಕಲಾಕೃತಿ. ಕಚೇರಿಗೆ ಹೋಗುವಾಗ ದಿನವೂ ನೋಡುತ್ತಿದ್ದೆ. ಅದನ್ನು ಮಾಡಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಎಂದು ಗೊತ್ತಾಗಿದ್ದು ಬಹಳ ತಡವಾಗಿ. 1961ರಲ್ಲಿ ಹುಟ್ಟಿದ ಅವರು ಬೆಳೆದದ್ದು ಮುಂಬೈಯಲ್ಲಿ, ಕಲಿತದ್ದು ಜೆ.ಜೆ. ಕಲಾಶಾಲೆಯಲ್ಲಿ. ತಂದೆ ಯಕ್ಷಗಾನ ಕಲಾವಿದರು.

ಹೆಸರು ತಿಳಿದ ಮೇಲೆ ಅವರ ಬೇರೆ ಕೃತಿಗಳನ್ನು ಹುಡುಕಿದೆ. ಒಂದು ಸರಣಿ ಕಾಡಿತು. ಒಡೆದ ಪಿಂಗಾಣಿ ಪಾತ್ರೆಗಳಲ್ಲಿ ಕಳೆದುಹೋದ ಭಾಗವನ್ನು ಹಳೆಯ ತೇಗದ ಮರದಲ್ಲಿ ಕೆತ್ತಿ ಕೂಡಿಸಿದ್ದಾರೆ. ಪಾತ್ರೆ ಪೂರ್ತಿಯಾಗಿದೆ, ಆದರೆ ಪಿಂಗಾಣಿ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತೆಂದು ಎದ್ದು ಕಾಣುತ್ತದೆ. ತೇಪೆ ಮುಚ್ಚಿಡುವ ಹಂಬಲವೇ ಇಲ್ಲ.

ಮುಂಬೈಯಲ್ಲೇ ಹುಟ್ಟಿದ ನನ್ನ ಮಗಳು ಊರಿಗೆ ಫೋನ್ ಮಾಡಿದಾಗ, “ಅಜ್ಜೀ, ಅಲ್ಲಿ ಪಾವುಸ್ ಬಂತಾ?” ಎನ್ನುತ್ತಾಳೆ. ಕನ್ನಡ ಪದ ಸಿಗದಿದ್ದಲ್ಲಿ ಮರಾಠಿ. ಪ್ರತಿ ಸಲವೂ ಗದರಿ ತಿದ್ದುತ್ತಿದ್ದೆ. ಬರಬರುತ್ತಾ ಅವಳು ಅಜ್ಜಿಯ ಜೊತೆ ಮಾತನ್ನೇ ಕಡಿಮೆ ಮಾಡಿದಳು. ಸರಿಪಡಿಸಲು ಹೋಗಿ ಒಡೆದವನು ನಾನೇ.

ಆ ಬಟ್ಟಲುಗಳನ್ನು ನೋಡಿದ ಮೇಲೆ ಗದರುವುದನ್ನು ಬಿಟ್ಟೆ. ಈಗ ಅಜ್ಜಿಯೇ “ಮಳೆ” ಎಂದು ಹೇಳಿಕೊಡುತ್ತಾರೆ, ತಾವೂ “ಪಾವುಸ್” ಕಲಿಯುತ್ತಾರೆ. ಕಳೆದ ಭಾನುವಾರ ಇಬ್ಬರೂ ಅರ್ಧ ಗಂಟೆ ಮಾತಾಡಿದರು.