ನಿಮಗಿದು ಗೊತ್ತೇ?: ಗ್ಲೂಕೋಸಿಗೊಂದು ಮಂಟಪ

ಒಮಾನಿನ ಇಬ್ರಾ ಸೀಮೆಯಲ್ಲಿ ಮಬ್ಸಲಿ ತಳಿಯ ಖರ್ಜೂರವನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬಿಸಿಲಿಗೆ ಹರವುತ್ತಾರೆ. ಈ ಕೆಲಸಕ್ಕೆ ಅಲ್ಲಿ ತಬ್ಸೀಲ್ ಎಂದು ಹೆಸರು. ಒಣಗಿದ ಸರಕಿನ ದೊಡ್ಡ ಗಿರಾಕಿ ಭಾರತ. ನಮ್ಮ ಅಂಗಡಿಯ ಉತ್ತತ್ತಿಯಲ್ಲಿ ಈ ಬಗೆಯದೂ ಇರುತ್ತದೆ.

ಉತ್ತತ್ತಿಯ ಕತೆ ಹಾಗಾದರೆ, ಕಳಿತ ಮೆತ್ತನೆಯ ಖರ್ಜೂರದ ಸಿಹಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚುಕಡಿಮೆ ಸಮಪಾಲು. ಎರಡರಲ್ಲೂ 6 ಇಂಗಾಲ, 12 ಜಲಜನಕ, 6 ಆಮ್ಲಜನಕ. ಜೋಡಣೆ ಮಾತ್ರ ಬೇರೆ. ಅವನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕೃತಕ ಅಣು ಕಟ್ಟುವುದು ರಸಾಯನ ವಿಜ್ಞಾನಿಗಳಿಗೆ ದಶಕಗಳ ತಲೆನೋವು.

ಯಾಕಷ್ಟು ಕಷ್ಟ? ಸಕ್ಕರೆಯ ಮೈತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನೇ ಹೋಲುತ್ತವೆ. ಅದೂ ರಕ್ತದಲ್ಲಿ ಒಂದು ಗ್ಲೂಕೋಸ್ ಅಣುವಿನ ಸುತ್ತ ಸುಮಾರು 10,000 ನೀರಿನ ಅಣುಗಳ ಜಾತ್ರೆ!

ಗಿಡಗಳಿಗೆ ಈ ವಿದ್ಯೆ ಮೊದಲೇ ಗೊತ್ತು. ಸಕ್ಕರೆ ಹಿಡಿಯುವ ಅವುಗಳ ಪ್ರೋಟೀನುಗಳೇ ಲೆಕ್ಟಿನ್‌ಗಳು. ರಕ್ತಕಣಗಳ ಮೈಮೇಲಿನ ಸಕ್ಕರೆಯನ್ನು ಹಿಡಿದು ಹುರುಳಿಯ ಲೆಕ್ಟಿನ್ ಎ ಗುಂಪಿನ ಎ1 ರಕ್ತವನ್ನು ಎ2 ರಕ್ತದಿಂದ ಬೇರ್ಪಡಿಸಿ ತೋರಿಸುತ್ತದೆ. ಹುರುಳಿ ಸಾರಿಗೆ ಇಷ್ಟು ವಿದ್ವತ್ತಿದೆ ಎಂದು ಯಾರು ಬಲ್ಲರು! ಹುರುಳಿ ಸಾರಕ್ಕೆ ರಕ್ತದ ಗುಂಪು ಹಿಡಿಯುವ ಗುಣವಿದೆಯೆಂದು ಜಿ.ಡಬ್ಲ್ಯು.ಜಿ. ಬರ್ಡ್ 1951ರಲ್ಲಿ ಬರೆದದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಹಲಸಿನ ಬೀಜದ ಲೆಕ್ಟಿನ್ ಜಾಕಲಿನ್. ಅದರ ರಚನೆಯನ್ನು 1996ರಲ್ಲಿ ಬಿಡಿಸಿಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ತಂಡ.

ಬೋರಾನಿಕ್ ಆಮ್ಲ ಮನುಷ್ಯ ಒಡ್ಡಿದ ಹಳೆಯ ಬಲೆ. ಅದಕ್ಕೆ ಗ್ಲೂಕೋಸಿಗಿಂತ ಫ್ರಕ್ಟೋಸ್ ಮೇಲೆಯೇ ಒಲವು! ಪುಣ್ಯಕ್ಕೆ ರಕ್ತದಲ್ಲಿ ಫ್ರಕ್ಟೋಸ್ ತೀರ ಕಡಿಮೆ. ಗ್ಲೂಕೋಸ್ ಅಳೆಯಲು ತೋಳಿನ ಚರ್ಮದಡಿ ಕೂರಿಸುವ ಎವರ್‌ಸೆನ್ಸ್ ಸಾಧನ ಇದೇ ರಸಾಯನವನ್ನು ನೆಚ್ಚಿದೆ. 2018ರಲ್ಲಿ ಅಮೆರಿಕ ಅದಕ್ಕೆ 90 ದಿನಗಳ ಬಳಕೆಗೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಬಂದ ಹೊಸ ಮಾದರಿಗೆ 365 ದಿನ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಥೊನಿ ಡೇವಿಸ್ ತಂಡ 2019ರಲ್ಲಿ ಪ್ರಕಟಿಸಿದ ಅಣುವಂತೂ ಪುಟ್ಟ ಮಂಟಪ. ಕೆಳಗೊಂದು, ಮೇಲೊಂದು ಚಪ್ಪಟೆ ಉಂಗುರ. ನಡುವೆ ಆರು ಯೂರಿಯಾ ಗುಂಪುಗಳಿರುವ ಕಂಬಗಳು. ಗ್ಲೂಕೋಸಿನ ಹೈಡ್ರಾಕ್ಸಿಲ್‌ಗಳೆಲ್ಲ ಸೊಂಟದ ಸುತ್ತ ಹೊರಚಾಚಿ ಕಂಬಗಳನ್ನು ಹಿಡಿಯುತ್ತವೆ. ಬಹುತೇಕ ಬೇರೆ ಸಕ್ಕರೆಗಳಿಗಿಂತ ಗ್ಲೂಕೋಸನ್ನು ಇದು ಸುಮಾರು 100 ಪಟ್ಟು ಬಿಗಿಯಾಗಿ ಹಿಡಿಯುತ್ತದೆ.

ಇದೇ ಸಂಶೋಧನೆಯಿಂದ ಹುಟ್ಟಿದ ಝೈಲೋ ಕಂಪನಿಯನ್ನು ಔಷಧ ಕಂಪನಿ ನೋವೋ ನಾರ್ಡಿಸ್ಕ್ 2018ರಲ್ಲೇ ಕೊಂಡುಕೊಂಡಿತ್ತು. 2024ರಲ್ಲಿ ನೋವೋ ನಾರ್ಡಿಸ್ಕ್‌ನ ವಿಜ್ಞಾನಿಗಳು ಇಂಥದೊಂದು ಅಣುವನ್ನು ಇನ್ಸುಲಿನ್ನಿಗೇ ಅಂಟಿಸಿದರು. ರಕ್ತದಲ್ಲಿ ಸಕ್ಕರೆ ಇಳಿದಾಗ ಇನ್ಸುಲಿನ್ ಮುದುಡಿ ಮಂದವಾಗುತ್ತದೆ, ಏರಿದಾಗ ಬಿಚ್ಚಿಕೊಂಡು ಚುರುಕಾಗುತ್ತದೆ. ಪರೀಕ್ಷೆ ನಡೆದದ್ದು ಇಲಿ, ಹಂದಿಗಳ ಮೇಲೆ.